ಬೀಗರಿಗೊಂದು ಕಿಟಕಿ

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಕಿಟಕಿ. ಬೂಟಣ್ಣ ಕಾಯ್ದಿರಿಸಿದ್ದು ಎರಡು ಕಿಟಕಿಗಳನ್ನೇ. ಆದರೆ ರೈಲಿನಲ್ಲಿ ಎದುರುಬದುರು ಇರುವ ಎರಡು ಕಿಟಕಿಗಳ ಪೈಕಿ ಒಂದರಲ್ಲಿ ಕೂತವರು ಮಾತ್ರ ಮುಂದಕ್ಕೆ ಮುಖ ಮಾಡಿರುತ್ತಾರೆ, ಇನ್ನೊಂದರಲ್ಲಿ ಕೂತವರು ಹಿಂದಕ್ಕೆ ಎಂಬ ಸರಳ ಸತ್ಯ ಅವನಿಗೆ ಟಿಕೆಟ್ ಮಾಡಿಸುವಾಗ ಹೊಳೆಯಲಿಲ್ಲ.

ಬೂಟಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೂಟು ಚಪ್ಪಲಿಗಳ ಅಂಗಡಿ ಇಟ್ಟಿದ್ದಕ್ಕೆ ಊರು ಕೊಟ್ಟ ಬಿರುದು. ದಿನವಿಡೀ ಮಂಡಿಯೂರಿ ಗಿರಾಕಿಗಳ ಪಾದಕ್ಕೆ ಬೂಟು ತೊಡಿಸಿ, "ಇಲ್ಲಿ ಒತ್ತುತ್ತಾ? ಹಿಮ್ಮಡಿ ಹತ್ರ ಕಚ್ಚುತ್ತಾ?" ಎಂದು ವಿಚಾರಿಸುತ್ತ ಬದುಕಿದವನು. ಉಳಿದವರು ಕೆಲಸವಾಗಬೇಕಾದಾಗ ಮಾತ್ರ ಇನ್ನೊಬ್ಬರ ಕಾಲು ಹಿಡಿಯುತ್ತಾರೆ, ಇವನಿಗೆ ಕಾಲು ಹಿಡಿಯುವುದೇ ಕೆಲಸ. ಹಾಗಾಗಿ ಯಾರಿಗಾದರೂ 'ಇಲ್ಲ' ಎನ್ನುವ ಅಭ್ಯಾಸ ಅವನಿಗೆ ಬೆಳೆಯಲೇ ಇಲ್ಲ.

ಅವನ ಅಮ್ಮ ಹೆರಿಗೆ ಆಸ್ಪತ್ರೆಯ ಮೇಟ್ರನ್ ಆಗಿ ನಿವೃತ್ತಳಾದವಳು. ಅವಳು "ಅಳು" ಎಂದು ಬೆನ್ನಿಗೊಂದು ತಟ್ಟಿದ ಮೇಲೆಯೇ ಊರಿನ ಅರ್ಧ ಜನ ಉಸಿರಾಡಲು ಶುರು ಮಾಡಿದ್ದು. ಮಾವ, ಅಂದರೆ ಹೆಂಡತಿಯ ತಂದೆ, ಬಸ್ ಡ್ರೈವರ್ ಆಗಿದ್ದವರು. ಈಗಲೂ ಊಟಕ್ಕೆ ಕೂತರೆ ಅವರ ಬಲಗಾಲು ಮೇಜಿನ ಕೆಳಗೆ ಬ್ರೇಕ್ ಹುಡುಕುತ್ತಿತ್ತು. ಬೂಟಣ್ಣನ ಮದುವೆಗೆ ಗಂಡಿನ ಕಡೆಯವರನ್ನು ಕರೆತಂದ ಬಸ್ಸನ್ನು ಓಡಿಸಿದ್ದು ಅವರೇ. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದಾಗ ಅಮ್ಮ ತನ್ನ ಸೀಟಿನಿಂದ ಹಾರಿ ಹೋಗಿ ಫೋಟೊ ತೆಗೆಯುವವನ ತೊಡೆಯ ಮೇಲೆ ಕೂತಿದ್ದಳು.

"ಬಸ್ ಓಡಿಸೋಕೆ ಬರಲ್ವೇನ್ರಿ?" ಎಂದಳು.

"ಉಳಿದೋರು ಯಾರೂ ಹಾರಲಿಲ್ಲ. ಭಾರ ಜಾಸ್ತಿ ಇದ್ರೆ ಬ್ರೇಕ್ ತಾನೇ ಏನು ಮಾಡುತ್ತೆ?" ಎಂದರು.

ಅಂದಿನಿಂದ ಬೀಗರಿಬ್ಬರ ಬಾಯಿಗೂ ಬೀಗ. ಮಾವ ಮನೆಗೆ ಬಂದಾಗ ಒಂದೇ ಸೋಫಾದ ಮೇಲೆ ಕೂತರೂ ಮಾತು ಬೂಟಣ್ಣನ ಮೂಲಕವೇ ಹೋಗಿ ಬರಬೇಕು. ಇದು ಎಲ್ಲಿಗೆ ಮುಟ್ಟಿತೆಂದರೆ, ಒಂದು ದಿನ ಅವನ ಆರು ವರ್ಷದ ಮಗಳು, "ಅಪ್ಪಾ, ನನ್ನ ಗೊಂಬೆ ಮುಟ್ಟಬೇಡ ಅಂತ ಗುಂಡೂಗೆ ಹೇಳು" ಎಂದಳು. ಮೂರು ವರ್ಷದ ಗುಂಡು ಪಕ್ಕದಲ್ಲೇ ಕೂತಿದ್ದ. ಅಂದೇ ಹೆಂಡತಿ ಪಟ್ಟು ಹಿಡಿದಳು.

"ಇಬ್ರನ್ನೂ ಕಟ್ಕೊಂಡು ಸಮುದ್ರಕ್ಕೆ ಹೋಗಿಬರೋಣ. ಇಡೀ ದಿನ ರೈಲಲ್ಲಿ ಎದುರುಬದುರು ಕೂತ್ರೆ ಮಾತಾಡದೆ ಎಲ್ಲಿಗೆ ಹೋಗ್ತಾರೆ? ಈ ಸಲ ಅವರು ರಾಜಿ ಆಗ್ಲಿಲ್ಲ ಅಂದ್ರೆ ನಾನೂ ನಿಮ್ಮ ಹತ್ರ ಮಾತು ಬಿಡ್ತೀನಿ."

ಆಗ ತನ್ನ ಮೂಲಕ ಯಾರಿಗೆ ಯಾರು ಹೇಳಿಕಳಿಸುತ್ತಾರೆ ಎಂದು ಲೆಕ್ಕ ಹಾಕಲಾರದೆ ಬೂಟಣ್ಣ ಅಂಗಡಿಗೆ ಬೀಗ ಜಡಿದು ಹೊರಟ.

ಗಾಡಿ ಹೊರಟ ಕೂಡಲೇ ಅಮ್ಮ ಹಣೆ ಒತ್ತಿಕೊಂಡಳು. "ಹಿಂದಕ್ಕೆ ಮುಖ ಮಾಡಿ ಕೂತ್ರೆ ನನಗೆ ತಲೆ ಸುತ್ತುತ್ತೆ. ಎದುರುಗಡೆಯೋರನ್ನ ಏಳೋಕೆ ಹೇಳು."

"ಅಳಿಯಂದ್ರೇ," ಎಂದರು ಮಾವ ಕಿಟಕಿಯಿಂದ ಕಣ್ಣು ತೆಗೆಯದೆ, "ಜೀವಮಾನ ಪೂರ್ತಿ ಸ್ಟೀರಿಂಗ್ ಹಿಡಿದು ಮುಂದೆ ನೋಡಿದೋನು ನಾನು. ರಿವರ್ಸ್‌ನಲ್ಲಿ ಸಮುದ್ರಕ್ಕೆ ಹೋಗೋನಲ್ಲ ಅಂತ ಹೇಳಿ ಅವರಿಗೆ."

"ಅಮ್ಮಾ, ಮಾವ ಹೇಳ್ತಾರೆ..."

"ನನಗೇನು ಕಿವುಡಾ?"

ಪಕ್ಕದ ಸೀಟಿನಲ್ಲಿ ಉಣ್ಣೆ ಟೋಪಿಯವರೊಬ್ಬರು ಕೂತಿದ್ದರು. ಊರ ಉಸಾಬರಿಯೆಲ್ಲ ತಮ್ಮದೇ ಎಂಬಂತೆ ಕತ್ತು ಚಾಚಿ ಕೇಳಿಸಿಕೊಂಡು, "ಸುಲಭ ಸ್ವಾಮಿ, ಪಕ್ಕದ ಡಬ್ಬೀಲಿ ಯಾರನ್ನಾದ್ರೂ ಕೇಳಿ ಸೀಟು ಬದಲಾಯಿಸ್ಕೊಳ್ಳಿ. ಇಂಥಾವು ನಾನು ಎಷ್ಟು ಬಗೆಹರಿಸಿದೀನೋ" ಎಂದರು.

ಬೂಟಣ್ಣ ಪಕ್ಕದ ಡಬ್ಬಿಯಲ್ಲಿ ಸೀಟಿನಿಂದ ಸೀಟಿಗೆ ಹಲ್ಲು ಗಿಂಜುತ್ತ ಹೋದ. ಕೊನೆಗೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಾಡು ಕೇಳುತ್ತಿದ್ದ ಕಾಲೇಜು ಹುಡುಗಿಯೊಬ್ಬಳು, ಇವನು ಹೇಳಿದ್ದು ಒಂದಕ್ಷರ ಕೇಳದಿದ್ದರೂ ಇವನ ಮುಖ ನೋಡಿ ಕನಿಕರಪಟ್ಟು, ಮುಂದಕ್ಕೆ ಮುಖ ಮಾಡಿದ್ದ ತನ್ನ ಸೀಟನ್ನು ಮಾವನಿಗೆ ಬಿಟ್ಟುಕೊಟ್ಟು ಅಮ್ಮನ ಸೀಟಿಗೆ ಬಂದಳು. ಅಮ್ಮ ಮಾವನ ಕಿಟಕಿಗೆ ಸರಿದಳು. ಮಾವನ ಪೆಟ್ಟಿಗೆ, ದಿಂಬು, ನೀರಿನ ಹೂಜಿ, ಗಂಟು ಎಲ್ಲ ಹೊತ್ತು ಎರಡು ಡಬ್ಬಿಗಳ ನಡುವಿನ ಓಲಾಡುವ ತಗಡಿನ ಮೇಲೆ ಬೂಟಣ್ಣ ದೊಂಬರಾಟ ಆಡಿದ. ತಾತನ ಬೆರಳು ಹಿಡಿದು ಗುಂಡುವೂ ಹೊರಟ.

ಅಲ್ಲಿಂದ ಅವನು ಮನುಷ್ಯನಾಗಿ ಉಳಿಯಲಿಲ್ಲ, ಮಗ್ಗದ ಲಾಳಿಯಾದ. ಗುಂಡುವಿಗೆ ಅಜ್ಜಿ ಬೇಕು ಎಂದು ಅತ್ತಿಂದಿತ್ತ. ಅಜ್ಜಿಯ ಹತ್ತಿರ ಬಂದ ಕೂಡಲೇ ತಾತ ಬೇಕು ಎಂದು ಇತ್ತಿಂದತ್ತ. "ಮಗೂಗೆ ಏನೂ ತಿನ್ನಿಸ್ಬೇಡಿ ಅಂತ ಹೇಳು" ಎಂದು ಅಮ್ಮ ಕಳಿಸಿದರೆ, "ಆಗಲೇ ತಿಂದಾಯ್ತು ಅಂತ ಹೇಳಿ" ಎಂದು ಮಾವ ಹಿಂದಕ್ಕೆ ಕಳಿಸುತ್ತಿದ್ದರು. ಹೆಂಡತಿ ಮಾತ್ರ ಬಹಳ ದಿನಗಳ ನಂತರ ಕೈಕಾಲಿಗೆ ಬಿಡುವು ಸಿಕ್ಕಿತೆಂದು ಮೇಲಿನ ಹಲಗೆ ಹತ್ತಿ ಮಲಗಿ, ಗೊರಕೆಯ ಮೊದಲನೆಯ ಪಾಠ ಶುರು ಮಾಡಿದ್ದಳು.

ಮಧ್ಯಾಹ್ನ ಗಾಡಿ ದೊಡ್ಡ ಜಂಕ್ಷನ್ನಿನಲ್ಲಿ ಬಹಳ ಹೊತ್ತು ನಿಂತಿತು. ಬೂಟಣ್ಣ ನಲ್ಲಿಯ ಬಳಿ ಸಾಲಿನಲ್ಲಿ ನಿಂತು ಹೂಜಿ ತುಂಬಿಸಿಕೊಂಡು, ಸೀಟಿ ಕೇಳಿದ್ದೇ ತಡ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಹತ್ತಿದ. ಗಾಡಿ ಕದಲಿತು. ಗಾಡಿ ಬಂದ ದಿಕ್ಕಿಗೇ ಹೊರಟಿತ್ತು!

"ಇಲ್ಲಿ ಇಂಜಿನ್ನು ಆ ತುದಿಗೆ ಹಾಕ್ತಾರೆ ಸ್ವಾಮಿ," ಎಂದರು ಟೋಪಿಯವರು. "ಇನ್ಮೇಲೆ ಮುಂದೆ ಇದ್ದದ್ದು ಹಿಂದೆ, ಹಿಂದೆ ಇದ್ದದ್ದು ಮುಂದೆ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಯಾವಾಗಲೂ ಹಂಗೇನೇ. ನೀವು ಅಷ್ಟು ಹುರುಪಿನಿಂದ ಸಾಮಾನು ಹೊರ್ತಿದ್ರಿ, ಬೇಜಾರಾಗುತ್ತೇನೋ ಅಂತ ಹೇಳ್ಲಿಲ್ಲ."

ತಲೆ ಸುತ್ತುತ್ತೆ ಎಂದು ಅಮ್ಮ ಬಿಟ್ಟ ಸೀಟು ಈಗ ಮುಂದಕ್ಕೆ ಮುಖ ಮಾಡಿತ್ತು. ಅಂದರೆ ಇಲ್ಲಿ ಅಮ್ಮ, ಪಕ್ಕದ ಡಬ್ಬಿಯಲ್ಲಿ ಮಾವ, ಇಬ್ಬರೂ ರಿವರ್ಸ್! ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಬೂಟಣ್ಣ ಅಲ್ಲಿಗೆ ಹೋದ. ಮಾವನ ಸೀಟಿನಲ್ಲಿ ದಿಂಬು ಮಾತ್ರ ಕೂತಿತ್ತು. ಗುಂಡುವೂ ಇಲ್ಲ. ಅಮ್ಮನ ಹತ್ತಿರ ಹೋಗಿರಬೇಕೆಂದು ತಿರುಗಿ ಬಂದರೆ ಈಗ ಕಣ್ಣಿಗೆ ಬಿತ್ತು: ಅಮ್ಮನ ಸೀಟೂ ಖಾಲಿ.

ಮಗಳು ಗೊಂಬೆಗೆ ತಲೆ ಬಾಚುತ್ತಿದ್ದಳು.

"ಪುಟ್ಟೀ, ಅಜ್ಜಿ ಎಲ್ಲಿ?"

"ಇಳಿದ್ರು."

"ಇಳಿದ್ರಾ? ತಾತ?"

"ತಾತನೂ ಇಳಿದ್ರು. ಗುಂಡೂನೂ ಇಳಿದ."

"ಯಾವಾಗ ಹತ್ತಿದ್ರು?"

"ಹತ್ತಿದ್ದು ನಾನು ನೋಡ್ಲಿಲ್ಲ," ಎಂದಳು ಮಗಳು, ಗೊಂಬೆಯ ಜಡೆಯಿಂದ ಕಣ್ಣೆತ್ತದೆ.

ಮೇಲಿನಿಂದ ಹೆಂಡತಿ ಧಡಕ್ಕನೆ ಎದ್ದು ಛಾವಣಿಗೆ ತಲೆ ಹೊಡೆದುಕೊಂಡಳು. "ಅಯ್ಯೋ, ನನ್ನ ಮಗು! ಅವರಿಬ್ರೂ ಒಬ್ಬರಿಗೊಬ್ಬರು ಮಾತಾಡಲ್ಲ, ಆ ಜಂಕ್ಷನ್ನಲ್ಲಿ ಮಗು ತಪ್ಪಿಸ್ಕೊಂಡ್ರೆ ಒಬ್ಬರಿಗೊಬ್ಬರು ಹೇಳೋದೂ ಇಲ್ಲ!"

"ನೋಡ್ತೀರೇನು? ಎಳೀರಿ ಸರಪಳಿ!" ಎಂದರು ಟೋಪಿಯವರು.

ಬೂಟಣ್ಣ ಎಳೆದ. ಮೊದಲು ಮೆಲ್ಲಗೆ, ಗಿರಾಕಿಯ ಬೂಟಿನ ಲಾಡಿ ಎಳೆದಂತೆ, ಆಮೇಲೆ ಜೋತುಬಿದ್ದು. ಗಾಡಿ ಕಿರ್ರೆಂದು ಚೀರಿ ಬಟ್ಟಬಯಲಿನಲ್ಲಿ ನಿಂತಿತು. ನಿಲ್ಲುವುದೇ ತಡ, ಅವನು ಕೆಳಗೆ ಧುಮುಕಿ, ಹಳಿಯ ಪಕ್ಕದ ಜಲ್ಲಿಕಲ್ಲುಗಳ ಮೇಲೆ ಜಂಕ್ಷನ್ನಿನತ್ತ ಓಡತೊಡಗಿದ. ಕಿಟಕಿಕಿಟಕಿಯಿಂದಲೂ ತಲೆಗಳು ಹೊರಬಂದವು. "ಕಳ್ಳ! ಕಳ್ಳ!" ಎಂದು ಯಾರೋ ಕೂಗಿದರು. ಟಿಕೆಟ್ ತಪಾಸಣೆಯ ಸಾಹೇಬರು ಕರಿ ಕೋಟು ಹಾರಿಸುತ್ತ ಹಿಂದೆ ಬಿದ್ದರು.

ಆಗ ಇಂಜಿನ್ನಿನ ಕಡೆಯಿಂದ, ಒಂದು ಕಾಲದಲ್ಲಿ ಹೆರಿಗೆ ವಾರ್ಡಿನ ಆ ಕೊನೆಯವರೆಗೂ ಮುಟ್ಟುತ್ತಿದ್ದ ಕಂಠವೊಂದು ಮೊಳಗಿತು.

"ಲೋ! ಬಿಸಿಲಲ್ಲಿ ಎಲ್ಲಿಗೋ ಓಡ್ತಿದೀಯ?"

ಬೂಟಣ್ಣ ತಿರುಗಿ ನೋಡಿದ. ಇಂಜಿನ್ನಿನ ಪಕ್ಕದ ಅಡುಗೆ ಡಬ್ಬಿಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಅವಳ ಪಕ್ಕದಲ್ಲಿ ಮಾವ. ಇಬ್ಬರ ನಡುವೆ ಗುಂಡು, ಎರಡೂ ಕೈಯಲ್ಲಿ ಬಿಸ್ಕತ್ತು. ಬೂಟಣ್ಣ ಜಲ್ಲಿಯ ಮೇಲೆ ಕುಕ್ಕರಿಸಿ ಅತ್ತೇಬಿಟ್ಟ. ಸಾಹೇಬರು ಬಂದು ಕೊರಳಪಟ್ಟಿ ಹಿಡಿದದ್ದೂ ಅವನಿಗೆ ತಿಳಿಯಲಿಲ್ಲ.

ವಿಚಾರಣೆ ಅಡುಗೆ ಡಬ್ಬಿಯಲ್ಲೇ ನಡೆಯಿತು. ಹೆಂಡತಿ ಓಡಿ ಬಂದು ಗುಂಡುವನ್ನು ಎದೆಗೊತ್ತಿಕೊಂಡಳು. ನಡೆದದ್ದು ಇಷ್ಟೇ: ಇಂಜಿನ್ ಜೋಡಿಸುವುದನ್ನು ನೋಡಲೇಬೇಕೆಂದು ಗುಂಡು ಹಠ ಹಿಡಿದಿದ್ದ. ಒಂದು ಕೈ ತಾತ, ಇನ್ನೊಂದು ಕೈ ಅಜ್ಜಿ ಹಿಡಿದರೆ ಮಾತ್ರ ಬರುತ್ತೇನೆಂದು ಇಬ್ಬರನ್ನೂ ಎಳೆದಿದ್ದ. ಸೀಟಿ ಹೊಡೆದಾಗ ಮೂವರೂ ಹತ್ತಿರದ ಡಬ್ಬಿಗೆ ಹತ್ತಿದ್ದರು. ಅಲ್ಲಿ ಟೀ ಸಿಕ್ಕಿತ್ತು. ಟೀ ಜೊತೆಗೆ, ಸುಮ್ಮನೆ ಕೂತಿರಲು ಆಗದೆ, ಮಾತಿಗೊಂದು ವಿಷಯವೂ ಸಿಕ್ಕಿತ್ತು. ಆ ವಿಷಯ ಬೂಟಣ್ಣ.

"ಸರಪಳಿ ಎಳೆದದ್ದು ಯಾರು?" ಸಾಹೇಬರು ಗದರಿದರು.

"ಇವನೇ!" ಎಂದಳು ಅಮ್ಮ. "ಇವರೇ!" ಎಂದರು ಮಾವ. ಇಬ್ಬರದೂ ಒಂದೇ ಉಸಿರು, ಒಂದೇ ಬೆರಳು.

"ನಾನು ಬೇಡ ಬೇಡ ಅಂದೆ," ಎಂದರು ಬಾಗಿಲಲ್ಲಿ ಇಣುಕುತ್ತಿದ್ದ ಟೋಪಿಯವರು.

"ಇದು ಅಪರಾಧ. ಮುಂದಿನ ಸ್ಟೇಷನ್ನಲ್ಲಿ ಇಳೀಬೇಕು. ದೊಡ್ಡ ಅಧಿಕಾರಿ ಬರೋದು ನಾಳೆ. ಅಲ್ಲೀತನಕ ಕಂಬಿ ಹಿಂದೆ."

ಅಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. "ಬಿಟ್ಬಿಡಿ ಸಾಹೇಬ್ರೇ, ತಿಳಿಯದೋನು. ಹುಟ್ಟುವಾಗಲೇ ಉಲ್ಟಾ ಹುಟ್ಟಿದ, ಕಾಲು ಮೊದಲು ಬಂತು."

"ಅದಕ್ಕೇ ಬೂಟಿನಂಗಡಿ ಇಟ್ಟಿದ್ದು ಅನ್ನಿ!" ಎಂದರು ಮಾವ. ಬೀಗರಿಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಮಾವ ಗಂಭೀರರಾದರು. "ನಿಜ ಸಾರ್. ಪಾಪದ ಪ್ರಾಣಿ. ಕನ್ನಡಿ ನೋಡಿದ್ರೂ ಮೊದಲು ನಮಸ್ಕಾರ ಹೇಳೋ ಪೈಕಿ. ಇನ್ಮೇಲೆ ನಾವಿಬ್ರೂ ಸೇರಿ ನೋಡ್ಕೋತೀವಿ."

"ಹೌದು," ಎಂದಳು ಅಮ್ಮ. "ಊರಿಗೆ ವಾಪಸ್ ಹೋದ ಮೇಲೆ ಬೀಗರು ಇನ್ನು ನಮ್ಮನೇಲೇ ಇರ್ತಾರೆ, ಮಾತಾಯ್ತು. ಬೆಳಿಗ್ಗೆ ಎದ್ದು ನಾವಿಬ್ರೂ ಅಂಗಡೀಗೆ ಬಂದು ಕೂತ್ಕೋತೀವಿ. ಇವನು ಗಿರಾಕಿಗಳ ಹತ್ರ ಮಾತಾಡೋ ರೀತಿ, ಲಾಡಿ ಕಟ್ಟೋ ರೀತಿ, ಎಲ್ಲ ಒಂದೊಂದಾಗಿ ತಿದ್ದಬೇಕು."

"ಸಂಜೆ ಅಳಿಯಂದ್ರಿಗೆ ನಾನು ಡ್ರೈವಿಂಗ್ ಕಲಿಸ್ತೀನಿ," ಎಂದರು ಮಾವ.

ಬೂಟಣ್ಣ ಹೆಂಡತಿಯ ಕಡೆ ನೋಡಿದ. ಅಪ್ಪನೂ ಅತ್ತೆಯೂ ಒಂದಾದ ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂದಿತ್ತು. ಆ ಕಡೆಯಿಂದ ಸಹಾಯ ಬರುವ ಲಕ್ಷಣ ಇರಲಿಲ್ಲ. ಅಂಗಡಿ! ಹಗಲು ಹೊತ್ತು ತಾನೊಬ್ಬನೇ ಇರಬಹುದಾಗಿದ್ದ, ಚರ್ಮ ಮತ್ತು ಪಾಲಿಶಿನ ವಾಸನೆಯ ಆ ಪುಟ್ಟ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ ಕೂತ ಬೀಗರು ಅವನ ಕಣ್ಣ ಮುಂದೆ ಕಟ್ಟಿದರು. ಅದರ ಮುಂದೆ ಸ್ಟೇಷನ್ನಿನ ಕಂಬಿಕೋಣೆ ಬೇಸಿಗೆಯ ತಂಗಾಳಿಯಂತೆ ತೋರಿತು. ಇಡೀ ಒಂದು ರಾತ್ರಿ, ಯಾರ ಮಾತನ್ನೂ ಯಾರಿಗೂ ಮುಟ್ಟಿಸುವ ಹಂಗಿಲ್ಲ!

"ಸಾರ್," ಎಂದ, ಜೀವನದಲ್ಲಿ ಮೊದಲ ಬಾರಿಗೆ ಎದೆ ಸೆಟೆಸಿ. "ಕಾನೂನು ಅಂದ್ರೆ ಕಾನೂನು. ತಪ್ಪು ನಂದು. ದಯವಿಟ್ಟು ನನ್ನನ್ನ ಇಳಿಸ್ಕೊಳ್ಳಿ. ಇವರೆಲ್ಲ ಆರಾಮಾಗಿ ಸಮುದ್ರ ನೋಡ್ಕೊಂಡು ಬರ್ಲಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷದಲ್ಲಿ ತಪ್ಪು ನಂದು ಅಂದ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ನಾನು ನೋಡಿಲ್ಲ. ನಿಮ್ಮಂಥ ಸಂಭಾವಿತರನ್ನ ಇಂಥ ಹಿರಿಯರಿಂದ ಬೇರೆ ಮಾಡಿದ್ರೆ ನನಗೆ ಒಳ್ಳೇದಾಗಲ್ಲ. ಬಿಟ್ಟಿದೀನಿ. ಹೋಗಿ, ಅವರ ಜೊತೇಲೇ ಕೂತ್ಕೊಳ್ಳಿ."

"ಸಾರ್, ಇನ್ನೊಂದ್ಸಲ ಯೋಚನೆ ಮಾಡಿ..."

ಸಾಹೇಬರು ಆಗಲೇ ಹಸಿರು ಬಾವುಟ ತೋರಿಸಲು ಹೇಳಿ ಹೋಗಿದ್ದರು. ಗಾಡಿ ಹೊರಟಿತು. ಅಮ್ಮ ತನಗೂ ಮಾವನಿಗೂ ನಡುವೆ ಒಂದಿಷ್ಟು ಜಾಗ ಮಾಡಿ, ಅಲ್ಲಿ ಕೈತಟ್ಟಿ ತೋರಿಸಿದಳು.

"ಬಾ, ಇಲ್ಲಿ ಕೂತ್ಕೋ. ಬೀಗರೇ, ಮೊದಲು ಇವನ ಬೆನ್ನು ನೆಟ್ಟಗೆ ಮಾಡಿಸೋಣ್ವಾ?"