ಗಿಟಾರಿಗೆ ರೆಗ್ಯುಲೇಟರ್ ಕೂಡಿಸಿದ ಮಾವ

ನಮ್ಮ ಸೋದರಮಾವನ ಕೈಗೆ ಸಿಕ್ಕ ಯಾವ ಯಂತ್ರವೂ ಇದ್ದ ಹಾಗೆಯೇ ವಾಪಸು ಬಂದ ದಾಖಲೆ ಇಡೀ ಕೊಟ್ಟೂರಿನಲ್ಲಿಲ್ಲ! ಕೆಟ್ಟದ್ದನ್ನು ರಿಪೇರಿ ಮಾಡುತ್ತಾನೆ, ಸರಿ. ಆಮೇಲೆ ಸುಮ್ಮನಿರಬೇಕಲ್ಲ? ಇರುವುದಿಲ್ಲ. ಅದಕ್ಕೊಂದು ಹೊಸ ಗುಂಡಿ ಕೂಡಿಸಿಯೇ ಕೊಡುತ್ತಾನೆ. "ಒಂದಽ ಕೆಲಸ ಮಾಡಿದ್ರ ಅದೂ ಒಂದು ಮಷೀನೇನಲೇ?" ಎಂಬುದು ಅವನ ಸಿದ್ಧಾಂತ.

ವೃತ್ತಿಯಿಂದ ಅವನು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವವನು. ಏಳನೇ ಕ್ಲಾಸಿಗೇ ಶಾಲೆಗೆ ಅವನೂ ಅವನಿಗೆ ಶಾಲೆಯೂ ಸಾಕಾಗಿದ್ದವು. ಒಮ್ಮೆ ಅತ್ತೆಯ ಮಿಕ್ಸಿ ಅವನ ಕೈಗೆ ಸಿಕ್ಕು ಆರು ವೇಗದ್ದಾಗಿ ಮನೆಗೆ ಬಂತು. ಮೊದಲನೇ ವೇಗದಲ್ಲಿ ಶೇಂಗಾ ಚಟ್ನಿಪುಡಿಗೆ ಅರ್ಧ ದಿನ ಬೇಕು. ಆರನೆಯದರಲ್ಲಿ ಮುಚ್ಚಳ ಹಾರಿ ಅಟ್ಟ ಸೇರುತ್ತದೆ! ಅತ್ತೆ ಜಗಳ ಆಡಲಿಲ್ಲ. ಹಿತ್ತಲಲ್ಲಿದ್ದ ಒರಳುಕಲ್ಲನ್ನು ತೊಳೆದು, "ಇದಕ್ಕೂ ಎಲ್ಲಿ ಗುಂಡಿ ಹಚ್ಚೀರಿ, ಮುಟ್ಟಬ್ಯಾಡ್ರಿ ಮತ್ತ" ಅಂದಳು.

ಇಂಥವನ ಕೈಗೆ ನಾನಾಗಿಯೇ ಗಿಟಾರು ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನಾಗಿತ್ತು? ನಾನು ಕೂಡ್ಲಿಗಿಯಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ರಜೆಯ ದಿನಗಳಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತೇನೆ. ವೈರು ಚುಚ್ಚುವ ತೂತು ಸಡಿಲಾಗಿ ಕರಕರ ಅನ್ನುತ್ತಿತ್ತು. ಅದೊಂದನ್ನು ಬಿಗಿ ಮಾಡಿಕೊಡು ಅಂದಿದ್ದೆ, ಅಷ್ಟೇ. ವಾರ ಬಿಟ್ಟು ಕೊಟ್ಟೂರಿಗೆ ಹೋಗಿ ನೋಡುತ್ತೇನೆ, ಗಿಟಾರಿನ ಹೊಟ್ಟೆಯ ಮೇಲೆ ಸೀಲಿಂಗ್ ಫ್ಯಾನಿನ ಬಿಳಿ ರೆಗ್ಯುಲೇಟರ್ ಗುಂಡಿ! ಸೊನ್ನೆಯಿಂದ ಐದರವರೆಗೆ ಅಂಕಿ ಬರೆದ ಬಿಲ್ಲೆ ಸಮೇತ!

"ಏನು ಮಾವಾ ಇದು?"

"ಗಾಬರಿ ಆಗಬ್ಯಾಡಲೇ. ಮ್ಯಾಲಿಂದಷ್ಟಽ ಫ್ಯಾನಿಂದು. ಒಳಗಿನ ಸ್ವಿಚ್ಚು ಹಳೇ ರೇಡಿಯೋದ್ದು, ಬಂಗಾರದಂಥಾದ್ದು."

ಆ ಸ್ವಿಚ್ಚಿನ ಒಂದೊಂದು ಮನೆಗೂ ಒಂದೊಂದು ಅಳತೆಯ ಕೆಪಾಸಿಟರ್ ಬೆಸೆದಿದ್ದ. "ಇವು ಜರಡಿ ಇದ್ದಂಗ. ಚೂಪು ದನಿ ಇದರಾಗ ಸೋರಿ ನೆಲಕ್ಕ ಹೋಗ್ತೈತಿ, ದಪ್ಪ ದನಿ ನಿನಗ ಉಳಿತೈತಿ. ಕೆಪಾಸಿಟರ್ ದೊಡ್ಡದಾದಂಗ ದನಿ ಇನ್ನೂ ದಪ್ಪ. ನೀ ಪಾಠ ಮಾಡಾಂವ, ನಿನಗೇನು ಹೇಳೋದು?" ಅಂದ. ಹೇಳಬೇಕಾಗಿತ್ತು! ಹದಿನೈದು ವರ್ಷದಿಂದ ಕೆಪಾಸಿಟರಿನ ಪಾಠ ಒಪ್ಪಿಸುತ್ತ ಬಂದ ನನಗೆ ಅದು ಸರಿಯಾಗಿ ತಲೆಗೆ ಹೋದದ್ದು ಅವತ್ತೇ.

ಆಮೇಲೆ ಸ್ಪೀಕರ್ ಡಬ್ಬಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ನನ್ನಿಂದ ಬಾರಿಸಿದ. ಒಂದೊಂದು ಅಂಕಿಗೂ ಅವನದೇ ವಿವರಣೆ.

"ಒಂದು, ನಿಮ್ಮತ್ತಿ ಸಿಟ್ಟಿಗೆದ್ದಾಗಿನ ದನಿ. ಎರಡು, ಅಕಿ ತವರುಮನಿಯಾರು ಬಂದಾಗ. ಮೂರು, ನೆಗಡಿ ಬಂದಾಗ. ನಾಕು, ನಿಮ್ಮ ಹೆಡ್‌ಮಾಸ್ತರು."

"ಐದು?"

"ಎಮ್ಮಿ."

"ಸೊನ್ನೆ ಯಾಕ ಮಾವಾ?"

"ಬಂದ್! ಹಾಡೋ ಮನಷ್ಯಾ ಶ್ರುತಿ ತಪ್ಪಿದ್ರ ನೀನು ಮೊದ್ಲು ಪಾರಾಗು."

ನಗುತ್ತಲೇ ಬಾರಿಸಿದೆ. ಆದರೆ ನಿಜ ಹೇಳಬೇಕಲ್ಲ? ಆ ಎರಡನೇ ಅಂಕಿಯ ದನಿ ಎಷ್ಟು ಹದವಾಗಿತ್ತೆಂದರೆ ನನ್ನ ಗಿಟಾರಿನಲ್ಲಿ ಅಂಥದ್ದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗುಂಡಿಯನ್ನು ಮಾತ್ರ ಬದಲಿಸು ಮಾವಾ ಎಂದು ಹೇಳಬೇಕೆಂದಿದ್ದೆ. ಅವನ ಮುಖದಲ್ಲಿದ್ದ ಖುಷಿ ನೋಡಿ ಬಾಯಿ ಬರಲಿಲ್ಲ. ಅಲ್ಲೇ ಹೇಳಿಬಿಟ್ಟಿದ್ದರೆ ಮುಂದಿನ ಪಾಪ ತಪ್ಪುತ್ತಿತ್ತು.

ಮುಂದಿನ ಕಾರ್ಯಕ್ರಮ ಹಗರಿಬೊಮ್ಮನಹಳ್ಳಿಯಲ್ಲಿ, ಮಧ್ಯಾಹ್ನದ ಮದುವೆ. ಸ್ವಿಚ್ಚು ಕೈಕೊಟ್ಟರೆ ಇರಲಿ ಎಂದು ಮಾವ ಬೆಸುಗೆ ಕಡ್ಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೊಟ್ಟೂರಿನಿಂದ ಬಸ್ಸು ಹತ್ತಿ ಬಂದಿದ್ದ. ಬಿಸಿಲೋ ಬಿಸಿಲು. ಕಲ್ಯಾಣಮಂಟಪದಲ್ಲಿ ಕರೆಂಟು ಹೋಗಿ, ಜನರೇಟರು ವೇದಿಕೆಗೆ ಸಾಕಾಯಿತೇ ಹೊರತು ಫ್ಯಾನುಗಳಿಗೆ ಸಾಲಲಿಲ್ಲ. ನಾನು ಹಾಡಿನ ನಡುವೆ ಗುಂಡಿ ತಿರುಗಿಸಿದೆ. ಮೊದಲನೇ ಸಾಲಿನಲ್ಲಿ ಕೂತಿದ್ದ, ಬೀಗರ ಕಡೆಯ ಯಜಮಾನರೊಬ್ಬರು ಕೂಗಿದರು:

"ಮಾಸ್ತರ, ಸೆಕಿ ಭಾಳ ಐತಿ, ಐದಕ್ಕ ಇಡ್ರಿ!"

ಮಂಟಪಕ್ಕೆ ಮಂಟಪವೇ ನಕ್ಕಿತು. ಮದುಮಗಳೂ ತಲೆ ಬಗ್ಗಿಸಿಕೊಂಡು ನಕ್ಕಳು. ನನ್ನ ಇಬ್ಬರು ವಿದ್ಯಾರ್ಥಿಗಳ ಅಪ್ಪಂದಿರು ಅಲ್ಲಿದ್ದರು, ಅವರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಡಿಬಿಡಿಯಲ್ಲಿ ಗುಂಡಿ ಸೊನ್ನೆಗೆ ಹೋಗಿ, ಒಂದು ಚರಣ ಪೂರ್ತಿ ಸದ್ದಿಲ್ಲದೆ ಬಾರಿಸಿದೆ!

ಕಾರ್ಯಕ್ರಮ ಮುಗಿದ ಮೇಲೆ ಕೀಬೋರ್ಡಿನವರು ಹತ್ತಿರ ಬಂದರು. ಹಡಗಲಿ ಕಡೆಯವರು, ಅವತ್ತೇ ಮೊದಲ ಸಲ ನಮ್ಮ ಜೊತೆ ಬಾರಿಸಲು ಬಂದವರು. ಗುಂಡಿ ಮುಟ್ಟಿ ನೋಡಿ, "ದನಿ ಭಾರಿ ಐತಲ್ರಿ! ಯಾರ ಕೈಲೆ ಮಾಡಿಸಿದ್ರಿ?" ಅಂದರು. ಅವರು ಮನಸಾರೆ ಕೇಳಿದ್ದರು. ಆದರೆ ನನ್ನ ಕಿವಿಯಲ್ಲಿ ಇನ್ನೂ ಆ ನಗುವೇ ಇತ್ತು.

"ಯಾರೋ ಪಂಪ್‌ಸೆಟ್ ರಿಪೇರಿಯವ ರೀ. ಕೇಳದಽ ಹಚ್ಚಿಬಿಟ್ಟ," ಅಂದೆ.

ತಿರುಗಿ ನೋಡಿದರೆ ಮಾವ ನನ್ನ ಬೆನ್ನ ಹಿಂದೆಯೇ ಕೂತು ಸ್ಪೀಕರಿನ ವೈರು ಸುತ್ತುತ್ತಿದ್ದ. ಅವನ ಕೈ ಒಂದು ಗಳಿಗೆ ನಿಂತಿತು. ಮತ್ತೆ ಸುತ್ತತೊಡಗಿತು. ಕೀಬೋರ್ಡಿನವರು ಅವನ ಕಡೆ ತಿರುಗಿ, "ನೀವು ಯಾರ್ರಿ ಯಜಮಾನ್ರ?" ಅಂದರು.

"ನಾನೇನ್ರಿ, ವೈರ್ ಸುತ್ತಾಕ ಬಂದೀನಿ," ಅಂದ ಮಾವ.

ಈಗಲಾದರೂ, "ಇವನು ನನ್ನ ತಾಯಿಯ ತಮ್ಮ" ಎಂದು ಹೇಳಬಹುದಿತ್ತಲ್ಲ? ನಾಲ್ಕೇ ಮಾತು. ಹೇಳಲಿಲ್ಲ. ಛೀ, ನಾನೂ ಒಬ್ಬ ಮೇಷ್ಟ್ರು!

ಬಸ್ ಸ್ಟ್ಯಾಂಡಿನಲ್ಲಿ ಅವನು ಕೊಟ್ಟೂರಿನ ಬಸ್ಸಿಗೆ, ನಾನು ಕೂಡ್ಲಿಗಿಯ ಬಸ್ಸಿಗೆ. ಬೇರೆ ದಿನವಾಗಿದ್ದರೆ ಕಿಟಕಿಗೆ ಮುಖ ಕೊಟ್ಟು ಇಪ್ಪತ್ತು ಬುದ್ಧಿಮಾತು ಹೇಳುತ್ತಿದ್ದವನು ಅವತ್ತು, "ಹುಷಾರ್ ಹೋಗು," ಅಂದು ತಿರುಗಿದ. ವಾರವೆಲ್ಲ ನಾನು ಫೋನು ಮಾಡಲಿಲ್ಲ. ಮಾಡಿ ಏನು ಹೇಳಲಿ? ಊಟಕ್ಕೆ ಕೂತರೂ ವೈರು ಸುತ್ತುವ ಆ ಕೈಯೇ ಕಣ್ಣ ಮುಂದೆ.

ಭಾನುವಾರ ಬೆಳಿಗ್ಗೆ ಮಾವನೇ ಬಂದ. ಕರೆದಿರಲಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾನೊಬ್ಬನೇ. ಒಳಗೆ ಬಂದವನೇ ಗಿಟಾರು ತೊಡೆಯ ಮೇಲೆ ಇಟ್ಟುಕೊಂಡು ಫ್ಯಾನಿನ ಗುಂಡಿಯನ್ನೂ ಬಿಲ್ಲೆಯನ್ನೂ ಕಿತ್ತ. ಜೇಬಿನಿಂದ ಒಂದು ಕರಿ ಗುಂಡಿ ತೆಗೆದ. ಹೊಸದು, ಇನ್ನೂ ಕವರಿನಲ್ಲೇ ಇತ್ತು. ಇದಕ್ಕಾಗಿ ಹೊಸಪೇಟೆಗೆ ಹೋಗಿ ಬಂದಿದ್ದನಂತೆ.

"ಇನ್ನ ಯಾರೂ ನಗಂಗಿಲ್ಲ ನೋಡು. ಯಾರಾರ ಕೇಳಿದ್ರ ಬೆಂಗಳೂರಾಗ ಮಾಡಿಸೀನಿ ಅನ್ನು. ಪಂಪ್‌ಸೆಟ್‌ನವ ಅನಬ್ಯಾಡ, ನಿನ್ನ ಮರ್ಯಾದಿಗೆ ಕಮ್ಮಿ."

ನನಗೆ ಅವನ ಮುಖ ನೋಡಲಾಗಲಿಲ್ಲ. "ಮಾವಾ, ತಪ್ಪಾತು. ಅವತ್ತು ಸುಳ್ಳು ಹೇಳಿದೆ," ಅಂದೆ.

ಮಾವ ತಿರುಪು ಬಿಗಿಯುತ್ತ, ತಲೆ ಎತ್ತದೆ ಹೇಳಿದ: "ಸುಳ್ಳೇನು ಬಂತು? ಪಂಪ್‌ಸೆಟ್ ರಿಪೇರಿಯವನಽ ಅದೀನಿ. ಕೇಳದಽ ಹಚ್ಚಿದ್ದೂ ಖರೆ. 'ಯಾರೋ' ಅಂದ್ಯಲ್ಲ, ಅದೊಂದಽ ಸುಳ್ಳು."

ಅಷ್ಟು ಹೇಳಿ, "ಚಾ ಮಾಡ್ತೀಯೇನಲೇ?" ಅಂದ. ನಾನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಚಹಾ ಉಕ್ಕಿ ಚೆಲ್ಲುವವರೆಗೂ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಿದ್ದೆ.