ಟೆರೇಸಿನ ಮೇಲಿನ ಹಾಯಿದೋಣಿ

ನಮ್ಮ ಬೀದೀಲಿ ಏನಾದರೊಂದು ನಡೀತಾನೇ ಇರುತ್ತೆ. ನಾನೇನು ಹುಡುಕ್ಕೊಂಡು ಹೋಗಲ್ಲ, ಕಿಟಕಿ ತೆಗೆದರೆ ಸಾಕು. ಓದಿದ್ದು ಮೂರನೇ ಕ್ಲಾಸಾದರೂ ಕಣ್ಣು ಚುರುಕು.

೧. ತುಳಸಿ ಹತ್ತಿರ ಬೇಡ

ಪಕ್ಕದ ಮನೆ ಮೇಷ್ಟ್ರು ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ರಿಟೈರ್ ಆದವರು. ಒಂದು ಬೆಳಿಗ್ಗೆ ಟೆರೇಸ್ ತುಂಬಾ ರಂಗೋಲಿ ಪುಡೀಲಿ ಮೂತಿ ಚೂಪಾದ ದೊಡ್ಡ ಆಕಾರ ಬರೆದು, ಅದರೊಳಗೆ ಹೆಂಡತೀನ ನಿಲ್ಲಿಸಿದ್ದರು. ಆಕೆ ಅಡ್ಡಡ್ಡ ನಡೀತಾರೆ, ಬಗ್ತಾರೆ, ಏಳ್ತಾರೆ. ಇದು ಮಾಟವೇ ಅಂದುಕೊಂಡೆ.

"ಏನ್ರೀ ಅದು?" ಅಂತ ನಮ್ಮ ಟೆರೇಸಿನಿಂದಲೇ ಕೂಗಿದೆ.

"ಹಾಯಿದೋಣಿ ಕಣಮ್ಮಾ, ಮೂವತ್ತಾರು ಅಡಿ. ಮಂಗಳೂರಲ್ಲಿ ಮಾರಾಟಕ್ಕಿದೆ. ಇಬ್ಬರೂ ಲಕ್ಷದ್ವೀಪಕ್ಕೆ ಹೋಗಬೇಕು ಅಂತ ನನ್ನಾಸೆ. ಇವಳು ಹೂಂ ಅಂದ್ರೆ ಮಾತ್ರ ಕೊಳ್ಳೋದು. ಅದಕ್ಕೇ ಒಳಗೆ ಓಡಾಡಿ ನೋಡ್ಲಿ ಅಂತ ಸರಿಯಾದ ಅಳತೇಲಿ ಬರೆದಿದೀನಿ."

"ಆ ಮೂಲೆ ಚೌಕ?"

"ಟಾಯ್ಲೆಟ್ಟು."

"ಅದು ನಿಮ್ಮ ತುಳಸಿ ಕುಂಡದ ಮೇಲೇ ಬಂದಿದೆಯಲ್ರೀ!"

ಆಕೆ ಕೆನ್ನೆ ಬಡಿದುಕೊಂಡರು. ಮೇಷ್ಟ್ರು ಇಡೀ ದೋಣಿ ಗುಡಿಸಿ, ಹಿಂದುಮುಂದು ತಿರುಗಿಸಿ ಮತ್ತೆ ಬರೆದರು. ನೀರಿಗೆ ಇಳಿಯೋ ಮೊದಲೇ ದೋಣಿ ಯು-ಟರ್ನ್ ಹೊಡೀತು.

೨. ಹಣೆ ಮೇಲಿನ ಬುಗುಟು

ಮಾರನೇ ವಾರ ಮೇಷ್ಟ್ರ ಹಣೇಲಿ ನಿಂಬೆಹಣ್ಣಿನಷ್ಟು ಬುಗುಟು. ದೋಣಿ ವಿಷಯಕ್ಕೆ ಆಕೆ ಲಟ್ಟಣಿಗೆ ಬೀಸಿದಾರೆ, ಇನ್ನೇನು! ಗಾಂಧಿ ಬಜಾರಿನ ಹೂವಿನವಳಿಗೆ ಹೇಳಿದೆ, ಗುಟ್ಟಾಗಿ.

ಆಮೇಲೆ ಸಕ್ಕರೆ ಕೇಳೋ ನೆಪದಲ್ಲಿ ಅವರ ಮನೆಗೆ ಹೋದರೆ, ಮಂಚದ ಒಂದು ಪಕ್ಕದ ಎರಡು ಕಾಲಿಗೂ ಇಟ್ಟಿಗೆ!

"ಗಾಳಿ ಬಂದ್ರೆ ದೋಣಿ ಹೀಗೇ ವಾಲ್ಕೊಂಡು ಓಡತ್ತಂತೆ. ನಿದ್ದೆ ಬರತ್ತಾ ಅಂತ ಪರೀಕ್ಷೆ" ಅಂದರು ಆಕೆ. "ಇವರು ನೆಲಕ್ಕೆ ಬಿದ್ರು, ನಾನು ಇವರ ಮೇಲೆ ಬಿದ್ದೆ. ನಂಗೇನೂ ಆಗ್ಲಿಲ್ಲ."

ನಂಬಿದೆ. ಆದರೆ ಅಷ್ಟರಲ್ಲಿ ಗಾಂಧಿ ಬಜಾರಲ್ಲಿ ಲಟ್ಟಣಿಗೆ ಹೋಗಿ ಒನಕೆ ಆಗಿತ್ತು. ಅದಕ್ಕೆ ನಾನೇನು ಮಾಡ್ಲಿ?

೩. ನಡುಮನೆ ಬಿರುಗಾಳಿ

ಕೊನೆಗೆ ದೋಣಿ ಬ್ರೋಕರೇ ಬಂದ. ಬಿಳಿ ಪ್ಯಾಂಟು, ಮನೆಯೊಳಗೂ ಕಪ್ಪು ಕನ್ನಡಕ. ನನಗೆ ಆಗಲೇ ಅನುಮಾನ, ನಾನೂ ಮೇಷ್ಟ್ರ ಮನೆಗೆ ಹೋಗಿ ಕೂತೆ. ಆತ ನಡುಮನೆ ತೂಗುಯ್ಯಾಲೆ ಮೇಲೆ ಕೂತು ಶುರುಮಾಡಿದ.

"ಅಡೀಲಿ ಸೀಸದ ಭಾರ ಇದೆ ಮೇಡಂ, ಮಗುಚಿದ್ರೂ ತಾನೇ ಎದ್ದು ನಿಲ್ಲತ್ತೆ. ನಡುಸಮುದ್ರದ ಬಿರುಗಾಳೀಲಿ ನಾನೇ ಓಡಿಸಿದೀನಿ. ತೊಟ್ಟಿಲು ಇದ್ದಂಗೆ! ಕಾಫಿ ಕುಡೀತಾ ಬಂದೆ."

ಮೇಷ್ಟ್ರು ಹೆಂಡತಿ ಮುಖವನ್ನೇ ನೋಡ್ತಾ ಇದ್ದರು. ಆಕೆ ಇನ್ನೇನು ಹೂಂ ಅನ್ನಬೇಕು, ನಾನು ಎದ್ದು ಹೋಗಿ ಸರಪಣಿ ಹಿಡಿದು ಉಯ್ಯಾಲೆ ತೂಗಿದೆ. ಆತ ನಕ್ಕ. ಇನ್ನೂ ಸ್ವಲ್ಪ ಜೋರಾಗಿ ತೂಗಿದೆ. ನಗು ನಿಂತಿತು. ಕನ್ನಡಕ ಮೂಗಿನ ತುದಿಗೆ ಬಂತು, ಎರಡೂ ಕೈ ಸರಪಣಿಗೆ ಹೋದವು, ಮುಖ ಹೀರೇಕಾಯಿ ಬಣ್ಣಕ್ಕೆ ತಿರುಗಿತು.

"ನಿಲ್ಸೀಮ್ಮಾ... ಬಕೆಟ್ಟು, ಬಕೆಟ್ಟು!"

ಮೇಷ್ಟ್ರು ಬಚ್ಚಲಿಗೆ ಓಡಿದರು. ಆಕೆ ಅವರ ಬೆನ್ನಿಗೇ ಕೂಗಿ ಹೇಳಿದರು: "ಈ ದೋಣಿಗೆ ನಂದು ಊಹೂಂ, ರೀ!"

ನಾನು ಸರಪಣಿ ಬಿಡಲಿಲ್ಲ. "ಯಾಕ್ ಸ್ವಾಮಿ," ಅಂದೆ, "ಇನ್ನೂ ಗಾಂಧಿ ಬಜಾರೇ ದಾಟಿಲ್ಲ. ಕಾಫಿ ತರಿಸ್ಲಾ?"