ಸೈರನ್ನಿನಿಂದ ಸಾರ್ವಜನಿಕರ ರಕ್ಷಣೆ

ಮುಚ್ಚಿಹೋಗಿದ್ದ ಅಣುವಿದ್ಯುತ್ ಸ್ಥಾವರವನ್ನು ಮತ್ತೆ ಚಾಲೂ ಮಾಡುವ ಮುನ್ನ ನಡೆದ ಸುರಕ್ಷತಾ ತಾಲೀಮಿನಲ್ಲಿ ಒಬ್ಬರು ಗಾಯಗೊಂಡರು. ಸ್ಥಾವರವು ಅಧಿಕೃತವಾಗಿ ಒಪ್ಪಿಕೊಂಡ ಮೊದಲ ಗಾಯ ಇದೇ.

ಗಾಯಗೊಂಡವರು ಸ್ಥಾವರದ ಸುರಕ್ಷತಾ ಅಧಿಕಾರಿಯ ತಾಯಿ. ಕಚೇರಿಯವರೆಲ್ಲ ಸೈರನ್ ಮೇಡಂ ಎಂದೇ ಕರೆಯುತ್ತಿದ್ದ ಈ ಅಧಿಕಾರಿ, ಬೇಲಿಗೆ ಅಂಟಿಕೊಂಡ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆಂದು ಹಟ ಹಿಡಿದು, ಆ ಮನೆಯ ಎದುರಿಗೇ ಸೈರನ್ ಹಾಕಿಸಿದ್ದಳು. ಏನಾದರೂ ಸೋರಿದರೆ ಮೊದಲು ಅಮ್ಮನಿಗೇ ಕೇಳಿಸಲಿ ಎಂದು. ತಾಲೀಮಿನ ದಿನ ಕೇಳಿಸಿತು. ಅಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿ, ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು.

ವಿಚಾರಣಾ ಸಮಿತಿ ಕೂತಿತು. ಅಧ್ಯಕ್ಷರು ಕನ್ನಡಕ ಒರೆಸುತ್ತ ಕೇಳಿದರು:

"ಇಷ್ಟು ವರ್ಷದಲ್ಲಿ ಸ್ಥಾವರದಿಂದ ಯಾರ ಕಾಲಾದರೂ ಮುರಿದಿದೆಯಾ ಮೇಡಂ?"

"ಸ್ಥಾವರ ಮುಚ್ಚಿತ್ತಲ್ಲ ಸಾರ್."

"ಸೈರನ್?"

"ಒಂದೇ ಸಲ ಕೂಗಿದ್ದು."

"ಒಂದೇ ಕೂಗಿಗೆ ಒಂದು ಕಾಲು! ಅಪಾಯ ಯಾವುದರಲ್ಲಿದೆ, ನೀವೇ ಹೇಳಿ."

"ಸೋರಿಕೆಯಾದರೆ ಜನಕ್ಕೆ ಗೊತ್ತಾಗೋದು ಹೇಗೆ ಸಾರ್?"

"ಗೊತ್ತಾದರೆ ತಾನೇ ಓಡೋದು? ಓಡಿದರೆ ತಾನೇ ಬೀಳೋದು?"

ಸಮಿತಿಯ ತಜ್ಞರು ತಲೆಯಾಡಿಸಿದರು. ಅವರ ನೇಮಕವಾಗಿದ್ದೇ ಆ ಕೆಲಸಕ್ಕೆ.

ನಂತರ ಸಾರ್ವಜನಿಕ ಅಹವಾಲು ಸಭೆ. 'ಸ್ಥಾವರ ಬೇಡ' ಎಂಬ ಫಲಕ ಹಿಡಿದು ಊರವರು ಬಂದರು. ಅಮ್ಮ ಗಾಲಿಕುರ್ಚಿಯಲ್ಲಿ ಬಂದರು. ಸೈರನ್ ಬೇಕೆಂದು ಅಮ್ಮನೇ ಹೇಳಿದರೆ ಯಾರೂ ಎದುರಾಡಲಾರರೆಂದು ಮಗಳು ನಂಬಿದ್ದಳು.

"ಸ್ಥಾವರದ ವಿಚಾರ ನಂಗೊತ್ತಿಲ್ಲಪ್ಪ," ಅಂದರು ಅಮ್ಮ. "ಅದರ ಪಾಡಿಗೆ ಅದಿದೆ. ಈ ದರಿದ್ರ ಸೈರನ್ ಮಾತ್ರ ಬೇಡ."

"ಅಮ್ಮಾ, ಅದಿರೋದೇ ನಿನ್ನ ಉಳಿಸೋಕೆ!"

"ಉಳಿಸಿದ್ದು ಸಾಕು ಬಿಡೇ. ಇನ್ನೊಂದು ಕಾಲಾದರೂ ಇರಲಿ."

ಸಭೆ ಚಪ್ಪಾಳೆ ತಟ್ಟಿತು. ದಿನಸಿ ಅಂಗಡಿಯವನು ತನ್ನ ಫಲಕದಲ್ಲಿ 'ಸ್ಥಾವರ' ಹೊಡೆದುಹಾಕಿ 'ಸೈರನ್' ಎಂದು ಬರೆದ. 'ಬೇಡ' ಹಾಗೇ ಉಪಯೋಗಕ್ಕೆ ಬಂತು.

ಮರುದಿನವೇ ಪ್ರಕಟಣೆ ಹೊರಟಿತು: "ಸಾರ್ವಜನಿಕರ ಸುರಕ್ಷತೆಯ ದೃಷ್ಟಿಯಿಂದ ಸೈರನ್ ಸ್ಥಗಿತಗೊಳಿಸಲಾಗಿದೆ. ಇನ್ನು ಮುಂದೆ ಯಾವುದೇ ಅಪಾಯದ ಮಾಹಿತಿಯನ್ನು, ಯಾರೂ ಗಾಬರಿಯಾಗದಂತೆ, ಅಪಾಯ ಮುಗಿದ ಬಳಿಕ ನೀಡಲಾಗುವುದು."

ಸೈರನ್ನಿನ ಬಾಯಿಗೆ ಗೋಣಿ ತುರುಕಿ, ಸುತ್ತ ಮುಳ್ಳುತಂತಿ ಬಿಗಿದು, 'ಅಪಾಯ' ಎಂಬ ಹಲಗೆ ತೂಗುಹಾಕಿದರು. ಹಲಗೆಯನ್ನು ಸ್ಥಾವರದ ಗೇಟಿನಿಂದ ಬಿಚ್ಚಿ ತಂದದ್ದು. ಅಲ್ಲಿ ಇನ್ನು ಅದರ ಅಗತ್ಯವಿರಲಿಲ್ಲ. ಸೈರನ್ ಮೇಡಂಗೆ ನೆಮ್ಮದಿ ಅಧಿಕಾರಿಯೆಂದು ಬಡ್ತಿ ಸಿಕ್ಕಿತು.

ಪುನರಾರಂಭದ ದಿನ ಭಾಷಣಗಳು ಮುಗಿಯುವ ಹೊತ್ತಿಗೆ, ನಿಯಂತ್ರಣ ಕೊಠಡಿಯ ವಿಕಿರಣ ಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಅಲ್ಲೇ ಇದ್ದ ಸೈರನ್ ಮೇಡಂ ಫೋನಿಗೆ ಕೈ ಹಾಕಿದಳು. ಅಧ್ಯಕ್ಷರು ಪಕ್ಕದಲ್ಲೇ ಇದ್ದರು. "ಮೆಲ್ಲಗೆ ಮೇಡಂ," ಅಂದರು.

"ಅಮ್ಮಾ, ಕಿಟಕಿ ಹಾಕ್ಕೋ."

"ಯಾಕೇ?"

"ಸುಮ್ಮನೆ. ಗಾಳಿ ಬರುತ್ತೆ."

"ಗಾಳಿ ಬರಲಿ ಅಂತಲೇ ತೆಗೆದಿರೋದು ಕಣೇ. ಎಷ್ಟು ತಂಪಾಗಿದೆ ಗೊತ್ತಾ! ನಿನ್ನ ದನಿ ಯಾಕೆ ನಡುಗ್ತಿದೆ?"

ಅವಳು ಅಧ್ಯಕ್ಷರ ಮುಖ ನೋಡಿದಳು. ಅವರು ತುಟಿಯ ಮೇಲೆ ಬೆರಳಿಟ್ಟರು.

"ಇಲ್ಲಿ ಏಸಿ ಜಾಸ್ತಿ ಅಮ್ಮ," ಅಂದಳು.

ಸಂಜೆ ಇನ್ನೊಂದು ಪ್ರಕಟಣೆ ಬಂತು: "ಇಂದು ಯಾರೂ ಓಡಲಿಲ್ಲ, ಯಾರೂ ಬೀಳಲಿಲ್ಲ." ಊರವರು ಮನೆಮುಂದೆ ಕುರ್ಚಿ ಹಾಕಿಕೊಂಡು, ಗಾಳಿಗೆ ಮುಖವೊಡ್ಡಿ, ಅದನ್ನು ಓದಿ ತೃಪ್ತಿಪಟ್ಟರು.